ಥರ್ಮಾಕೋಲ್ ಪೆಟ್ಟಿಗೆಯಲ್ಲಿ 30 ನಾಟಿ ಮೊಟ್ಟೆ: ಕಾವು ತಪ್ಪಿದ್ದೆಲ್ಲಿ, ಹದಕ್ಕೆ ಬಂದದ್ದು ಹೇಗೆ

ಮಲೆನಾಡಿನ ತೋಟದ ಮನೆ, ಡಿಸೆಂಬರ್ ತಿಂಗಳು. ಮಧ್ಯಾಹ್ನ ಮನೆಯೊಳಗೆ 29 ಡಿಗ್ರಿ ಸೆಲ್ಸಿಯಸ್, ಬೆಳಗಿನ ಜಾವ 15. ಹೇಂಟೆಗಳು ಮೊಟ್ಟೆ ಇಡುತ್ತಿವೆ, ಆದರೆ ಕಾವಿಗೆ ಕೂರುವ ಲಕ್ಷಣವಿಲ್ಲ. ಮೀನು ತುಂಬಿ ಬರುವ ಥರ್ಮಾಕೋಲ್ ಪೆಟ್ಟಿಗೆ, 100 ವ್ಯಾಟಿನ ಒಂದು ಹಳೇ ಬಲ್ಬ್, ಆನ್‌ಲೈನಿನಲ್ಲಿ ತರಿಸಿದ, ಬಿಸಿ ನೋಡಿ ಬಲ್ಬ್ ಹಚ್ಚಿ ಆರಿಸುವ ಡಬ್ಲ್ಯು1209 ಥರ್ಮೋಸ್ಟಾಟ್ ಬೋರ್ಡು: ಇಷ್ಟರಲ್ಲೇ 30 ಮೊಟ್ಟೆ ಕಾವಿಗಿಡಲಾಗಿದೆ. ಇದನ್ನು ಮಾದರಿ ಪ್ರಕರಣವಾಗಿ ತೆಗೆದುಕೊಂಡಿದ್ದೇವೆ. ಮನೆಯಲ್ಲೇ ಕಾವುಪೆಟ್ಟಿಗೆ ಮಾಡಲು ಹೊರಟವರು ಎಡವುವುದು ಹೆಚ್ಚುಕಡಿಮೆ ಇದೇ ಜಾಗಗಳಲ್ಲಿ.

ಪೆಟ್ಟಿಗೆಯ ಹೊರ ಅಳತೆ 60 × 40 × 35 ಸೆಂ.ಮೀ., ಗೋಡೆಯ ದಪ್ಪ 2.5 ಸೆಂ.ಮೀ. ಬಲ್ಬ್ ಒಂದು ತುದಿಯಲ್ಲಿ ಮುಚ್ಚಳದಿಂದ ನೇತಾಡುತ್ತಿದೆ. ಸೆನ್ಸರ್ ಅದೇ ಮುಚ್ಚಳದಿಂದ ನಡುವಿಗೆ ಇಳಿಬಿದ್ದು, ಮೊಟ್ಟೆಗಳಿಂದ ಒಂದು ಗೇಣು ಮೇಲಿದೆ. ಫ್ಯಾನ್ ಇಲ್ಲ. ಒಂದು ಬಟ್ಟಲು ನೀರಿದೆ. ಬೋರ್ಡಿನಲ್ಲಿ 37.5 ಎಂದು ಕೂರಿಸಿದ್ದು ಬಿಟ್ಟರೆ ಬೇರೇನನ್ನೂ ಮುಟ್ಟಿಲ್ಲ. ತಣಿಸುವ ಬದಲು ಬಿಸಿ ಮಾಡುವ ಕ್ರಮಕ್ಕೆ ಬದಲಿಸಿದ್ದಷ್ಟೇ ಪುಣ್ಯ.

ಮೊದಲ ಸುತ್ತಿನ ಫಲ ಹೀಗಿತ್ತು. 7ನೇ ದಿನ ಬೆಳಕಿಗೆ ಹಿಡಿದಾಗ 5 ಮೊಟ್ಟೆ ಫಲವಾಗಿಯೇ ಇರಲಿಲ್ಲ. ಬಲ್ಬಿಗೆ ತೀರ ಹತ್ತಿರವಿದ್ದ 4 ಮೊಟ್ಟೆಗಳಲ್ಲಿ ರಕ್ತದ ಉಂಗುರ ಕಾಣಿಸಿತು, ಅಂದರೆ ಭ್ರೂಣ ಮೊದಲ ದಿನಗಳಲ್ಲೇ ಸತ್ತಿತ್ತು. ಅದರಾಚೆಯ ಸಾಲಿನಲ್ಲಿ 4 ಮರಿ 19ನೇ ದಿನದ ಸಂಜೆಗೇ ಹೊರಬಂದವು, ಹೊಕ್ಕುಳು ಸರಿಯಾಗಿ ಮುಚ್ಚಿರಲಿಲ್ಲ. ನಡುವಿನ 6 ಮರಿ 21ನೇ ದಿನ ಸರಿಯಾಗಿ ಬಂದವು. ದೂರದ ಮೂಲೆಯ 3 ಮರಿ 23ನೇ ದಿನ ಬಂದವು. ಹೊಟ್ಟೆ ಉಬ್ಬಿ, ಕಾಲಲ್ಲಿ ಬಲವಿಲ್ಲ. ಉಳಿದ 8 ಪೂರ್ತಿ ಬೆಳೆದು ಚಿಪ್ಪಿನೊಳಗೇ ಸತ್ತಿದ್ದವು.

ಈ ಲೆಕ್ಕವನ್ನು ಓದಲು ಗೊತ್ತಿದ್ದರೆ ಥರ್ಮಾಮೀಟರೇ ಬೇಡ. ಕೋಳಿಮೊಟ್ಟೆಗೆ ಬೇಕಾದದ್ದು 21 ದಿನ. ಬೇಗ ಬಂದು ಹೊಕ್ಕುಳು ಹಸಿಯಾಗಿದ್ದರೆ ಕಾವು ಹೆಚ್ಚಾಗಿದೆ. ತಡವಾಗಿ ಬಂದು ಮರಿ ಮೆತ್ತಗಿದ್ದರೆ ಕಾವು ಸಾಲದಾಗಿದೆ. ಒಂದೇ ಪೆಟ್ಟಿಗೆಯಲ್ಲಿ ಎರಡೂ ಆಗಿದೆ ಎಂದರೆ ತಪ್ಪು ಥರ್ಮೋಸ್ಟಾಟಿನ ಅಂಕಿಯಲ್ಲಿಲ್ಲ, ಬಿಸಿ ಹಂಚಿಕೆಯಲ್ಲಿದೆ. ಈ ಹಂತದಲ್ಲಿ ಬಹಳ ಮಂದಿ 37.5 ಅನ್ನು 38 ಮಾಡಿ ಇನ್ನೊಂದು ಸುತ್ತು ಮೊಟ್ಟೆ ಹಾಳು ಮಾಡುತ್ತಾರೆ.

ಒಂದೇ ಪೆಟ್ಟಿಗೆಯಲ್ಲಿ ಮೂರು ಹವೆ

ಉರಿಯುವ ಬಲ್ಬ್ ಗಾಳಿಯನ್ನು ಬಿಸಿ ಮಾಡುವುದರ ಜೊತೆಗೆ ಎದುರಿಗಿದ್ದದ್ದನ್ನು ಬಿಸಿಲಿನ ಹಾಗೆ ನೇರವಾಗಿಯೂ ಕಾಯಿಸುತ್ತದೆ. ಸುತ್ತಲ ಗಾಳಿ 37 ಇದ್ದರೂ ಬಲ್ಬಿನ ಕಡೆ ಮುಖ ಮಾಡಿದ ಚಿಪ್ಪು 41 ಮುಟ್ಟಬಹುದು, ಸೆನ್ಸರಿಗೆ ಅದರ ಸುದ್ದಿಯೇ ತಿಳಿಯುವುದಿಲ್ಲ. ರಕ್ತದ ಉಂಗುರದ 4 ಮೊಟ್ಟೆಗಳ ಕಥೆ ಇದು.

ಫ್ಯಾನ್ ಇಲ್ಲದ ಪೆಟ್ಟಿಗೆಯಲ್ಲಿ ಬಿಸಿಗಾಳಿ ಮೇಲೆ, ತಣ್ಣನೆಯದು ಕೆಳಗೆ ಪದರ ಕಟ್ಟುತ್ತದೆ. ಸೆನ್ಸರ್ ಒಂದು ಗೇಣು ಮೇಲಿದ್ದುದರಿಂದ ಅದು 37.5 ಕಂಡಾಗ ದೂರದ ಮೂಲೆಯಲ್ಲಿ ಮೊಟ್ಟೆಯ ಮಟ್ಟ ಅದಕ್ಕಿಂತ ಒಂದೆರಡು ಡಿಗ್ರಿ ಕೆಳಗಿತ್ತು. ಫ್ಯಾನಿಲ್ಲದ ಪೆಟ್ಟಿಗೆಗೆ ಮೊಟ್ಟೆಯ ತಲೆಯ ಮಟ್ಟದಲ್ಲಿ ಅಳೆದು 38.3ರಿಂದ 38.9 ಇಡಬೇಕು, ಫ್ಯಾನಿದ್ದರೆ 37.5 ಸಾಕು. ಫ್ಯಾನಿನ ಅಂಕಿಯನ್ನು ಫ್ಯಾನಿಲ್ಲದ ಪೆಟ್ಟಿಗೆಗೆ ಹಾಕಿದ್ದು ಎರಡನೇ ತಪ್ಪು.

ಮೂರನೆಯದು ಬೋರ್ಡಿನೊಳಗೇ ಅಡಗಿತ್ತು. ಡಬ್ಲ್ಯು1209ರಲ್ಲಿ ಪಿ1 ಎಂಬ ಅಂಶ ಬಲ್ಬ್ ಆರಿದ ಮೇಲೆ ಎಷ್ಟು ಡಿಗ್ರಿ ಇಳಿದ ನಂತರ ಮತ್ತೆ ಹಚ್ಚಬೇಕು ಎಂಬುದನ್ನು ಹೇಳುತ್ತದೆ. ಕಾರ್ಖಾನೆಯಿಂದ ಬರುವಾಗಲೇ ಅದು 2.0 ಇರುತ್ತದೆ. ಹಾಗಾಗಿ 37.5ಕ್ಕೆ ಆರಿದ ಬಲ್ಬ್ 35.5ಕ್ಕೆ ಇಳಿಯುವ ತನಕ ಉರಿಯಲಿಲ್ಲ. ಗಾಳಿ ಏರಿಳಿಯುವುದು ತಾನಾಗಿ ದೊಡ್ಡ ಅಪಾಯವಲ್ಲ. ಮೊಟ್ಟೆಯ ಒಳಭಾಗ ಗಾಳಿಯನ್ನು ಅರ್ಧದಿಂದ ಮುಕ್ಕಾಲು ಗಂಟೆ ತಡವಾಗಿ ಹಿಂಬಾಲಿಸುತ್ತದೆ, ನಡುವಿನ ಗಲಿಬಿಲಿ ಅದಕ್ಕೆ ತಟ್ಟುವುದಿಲ್ಲ. ತಟ್ಟುವುದು ಸರಾಸರಿ. 35.5 ಮತ್ತು 37.5ರ ನಡುವೆ ತೂಗಾಡಿದ ಪೆಟ್ಟಿಗೆಯ ಸರಾಸರಿ 36.5ರ ಆಸುಪಾಸು, ಅಂದರೆ ಪೂರ್ತಿ ಒಂದು ಡಿಗ್ರಿ ಕಡಿಮೆ. 23ನೇ ದಿನದ ಮರಿಗಳು ಅಲ್ಲಿಂದ ಬಂದವು.

ಎಷ್ಟು ವ್ಯಾಟ್ ಬೇಕು?

ಪೆಟ್ಟಿಗೆಯೊಳಗಿನ ಗಾಳಿ 58 ಲೀಟರ್, ತೂಕ 70 ಗ್ರಾಂ. ಅಷ್ಟನ್ನೇ ಕಾಯಿಸುವುದಾದರೆ 100 ವ್ಯಾಟಿನ ಬಲ್ಬ್ ಒಂದು ಸೆಕೆಂಡಿಗೆ ಒಂದು ಡಿಗ್ರಿಗೂ ಹೆಚ್ಚು ಏರಿಸೀತು. ಗಾಳಿಯಲ್ಲಿ ಬಿಸಿ ಕೂಡಿಡಲು ಆಗುವುದೇ ಇಲ್ಲ. ಬಲ್ಬ್ ಮಾಡಬೇಕಾದ ಕೆಲಸ ಗೋಡೆಯಿಂದಲೂ ತೂತುಗಳಿಂದಲೂ ಸೋರಿಹೋಗುವುದನ್ನು ತುಂಬಿಕೊಡುವುದು, ಅಷ್ಟೇ. ಆದ್ದರಿಂದ ಲೆಕ್ಕ ಸೋರಿಕೆಯಿಂದ ಶುರುವಾಗಬೇಕು.

2.5 ಸೆಂ.ಮೀ. ದಪ್ಪದ ಈ ಪೆಟ್ಟಿಗೆ ಒಳಗೂ ಹೊರಗೂ ಇರುವ ಪ್ರತಿ ಒಂದು ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 1.3 ವ್ಯಾಟ್ ಸೋರುತ್ತದೆ. ಬೆಳಗಿನ ಜಾವ 15 ಡಿಗ್ರಿ ಇದ್ದಾಗ ವ್ಯತ್ಯಾಸ 22.5, ಸೋರಿಕೆ 29 ವ್ಯಾಟ್. ತೂತುಗಳಿಂದ ಹೋಗುವ ಗಾಳಿಗೂ ಬಟ್ಟಲಿನ ನೀರು ಆವಿಯಾಗುವುದಕ್ಕೂ ಇನ್ನು 6 ವ್ಯಾಟ್ ಸೇರಿಸಿ, 35. ಮಧ್ಯಾಹ್ನ 29 ಡಿಗ್ರಿಗೆ ಇದೇ ಪೆಟ್ಟಿಗೆ 15 ವ್ಯಾಟಿನಲ್ಲಿ ಸುಧಾರಿಸಿಕೊಳ್ಳುತ್ತದೆ.

ಇದೇ ಪೆಟ್ಟಿಗೆಯ ಹೊರಗೆ ಇನ್ನೊಂದು ಪದರ 2.5 ಸೆಂ.ಮೀ. ಥರ್ಮಾಕೋಲ್ ಹಾಳೆ ಅಂಟಿಸಿದರೆ ಡಿಗ್ರಿಗೆ 0.8 ವ್ಯಾಟ್ ಆಗುತ್ತದೆ. ಬೆಳಗಿನ ಜಾವದ ಅಗತ್ಯ 24 ವ್ಯಾಟಿಗೆ ಇಳಿಯಿತು, ಮಧ್ಯಾಹ್ನದ್ದು 10ಕ್ಕೆ. ಬಲ್ಬ್ ದೊಡ್ಡದು ಮಾಡುವ ಮೊದಲು ಗೋಡೆ ದಪ್ಪ ಮಾಡಬೇಕು ಎನ್ನುವುದು ಇದಕ್ಕೇ. ಅಂಟಿಸಲು ಫೆವಿಕಾಲ್ ಬಳಸಿ. ಚಪ್ಪಲಿಗೆ ಹಚ್ಚುವ ರಬ್ಬರ್ ಗಮ್ ಥರ್ಮಾಕೋಲನ್ನು ಕಣ್ಣೆದುರೇ ಕರಗಿಸಿಬಿಡುತ್ತದೆ.

ಇನ್ನು ಹಳ್ಳಿಯ ವೋಲ್ಟೇಜು. 230ರ ಜಾಗದಲ್ಲಿ 180 ಬಂದರೆ ಬಲ್ಬ್ ತನ್ನ ವ್ಯಾಟಿನ ಮೂರರಲ್ಲಿ ಎರಡು ಪಾಲನ್ನಷ್ಟೇ ಕೊಡುತ್ತದೆ. 24 ವ್ಯಾಟ್ ಬೇಕಾದ ಜಾಗಕ್ಕೆ ಹೆಸರಿಗೆ 36 ವ್ಯಾಟಾದರೂ ಇರಬೇಕು. ಹೀಗಾಗಿ 25 ವ್ಯಾಟಿನ ಎರಡು ಬಲ್ಬುಗಳನ್ನು ಆರಿಸಿದ್ದಾಯಿತು, ಎರಡೂ ಸಮಾನಾಂತರವಾಗಿ. ಒಟ್ಟು 50; ವೋಲ್ಟೇಜ್ ಬಿದ್ದಾಗ 34. ಒಂದು ಬಲ್ಬ್ ನಡುರಾತ್ರಿ ಹೋದರೂ ಇನ್ನೊಂದರ 25 ವ್ಯಾಟ್ ಬೆಳಗಿನ ತನಕ ಪೆಟ್ಟಿಗೆಯನ್ನು ಹೆಚ್ಚುಕಡಿಮೆ ಹಿಡಿದಿಡುತ್ತದೆ. ಒಂದೇ 60 ವ್ಯಾಟ್ ಹಾಕಿದರೆ ಈ ಭರವಸೆ ಇಲ್ಲ. ವೋಲ್ಟೇಜ್ 250 ಮುಟ್ಟುವ ಊರುಗಳಲ್ಲಿ ಬಲ್ಬಿನ ಆಯುಸ್ಸು ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ ಎನ್ನುವುದೂ ನೆನಪಿರಲಿ.

ಇಲ್ಲಿ ಒಂದು ಜಾಣತನ ಹಲವರಿಗೆ ಹೊಳೆಯುತ್ತದೆ: ಒಂದು ಬಲ್ಬನ್ನು ಸದಾ ಉರಿಸಿ, ಇನ್ನೊಂದನ್ನು ಮಾತ್ರ ಥರ್ಮೋಸ್ಟಾಟಿಗೆ ಕೊಟ್ಟರೆ ಏರಿಳಿತ ಕಡಿಮೆಯಾಗುವುದಿಲ್ಲವೇ? ಆಗುತ್ತದೆ. ಆದರೆ ಸದಾ ಉರಿಯುವ ಬಲ್ಬ್ ದಿನದ ಅತಿ ಕಡಿಮೆ ಅಗತ್ಯಕ್ಕಿಂತ ಚಿಕ್ಕದಿರಬೇಕು. ಇಲ್ಲಿ ಅದು 10 ವ್ಯಾಟ್. 25ರ ಬಲ್ಬ್ ಸದಾ ಉರಿದರೆ ಮಧ್ಯಾಹ್ನ ಪೆಟ್ಟಿಗೆ 45 ದಾಟುತ್ತದೆ. ಎಲ್‌ಇಡಿ ಬಲ್ಬ್ ತಂದು ಬಿಸಿ ಬರಲಿಲ್ಲ ಎನ್ನುವವರೂ ಇದ್ದಾರೆ, ಅದು ಬೇರೆ ಮಾತು.

ಬಿಸಿಯ ಕೋಣೆ ಬೇರೆ, ಮೊಟ್ಟೆಯ ಕೋಣೆ ಬೇರೆ

ಮರುಕಟ್ಟಿದ ಪೆಟ್ಟಿಗೆಯಲ್ಲಿ ಒಂದು ತುದಿಯಿಂದ 14 ಸೆಂ.ಮೀ. ಬಿಟ್ಟು ತಗಡಿನ ಅಡ್ಡಗೋಡೆ ನಿಲ್ಲಿಸಲಾಗಿದೆ. ಅದರ ಹಿಂದೆ ಎರಡು ಬಲ್ಬ್. ಅಡ್ಡಗೋಡೆಯ ತಲೆಯ ಹತ್ತಿರ ಉದ್ದಕ್ಕೂ 4 ಸೆಂ.ಮೀ. ಸಂದು. ಬುಡದಲ್ಲಿ ಹಳೇ ಕಂಪ್ಯೂಟರಿನ 80 ಮಿ.ಮೀ. ಫ್ಯಾನ್, 12 ವೋಲ್ಟಿನದು. ಮೊಟ್ಟೆಯ ಕಡೆಯ ಗಾಳಿಯನ್ನು ಎಳೆದು ಬಲ್ಬಿನ ಕೋಣೆಗೆ ತಳ್ಳುವ ಹಾಗೆ ಕೂರಿಸಿದ್ದು. ಬಿಸಿಯಾದ ಗಾಳಿ ಮೇಲಿನ ಸಂದಿನಿಂದ ಹೊರಟು ಮೊಟ್ಟೆಗಳ ಮೇಲೆ ಹರಿದು ಮತ್ತೆ ಬುಡಕ್ಕೆ ಬರುತ್ತದೆ.

ಫ್ಯಾನನ್ನು ಮೇಲಿಟ್ಟು ಊದಿಸಿದರೂ ಗಾಳಿ ತಿರುಗುತ್ತದಲ್ಲ ಎನ್ನಬಹುದು. ಬುಡದಲ್ಲಿಟ್ಟರೆ ಎರಡು ಲಾಭ. ಬಲ್ಬಿನ ಬಿಸಿ ಹೊಡೆಯದೆ 37.5ರ ಗಾಳಿಯಲ್ಲೇ ತಿರುಗುವ ಫ್ಯಾನ್ ಹೆಚ್ಚು ಕಾಲ ಬಾಳುತ್ತದೆ. ಅದು ಕೆಟ್ಟು ನಿಂತರೂ ಬಿಸಿಗಾಳಿ ತಾನಾಗಿ ಏರುವ ದಿಕ್ಕು ಇದೇ ಆದ್ದರಿಂದ ಹರಿವು ಪೂರ್ತಿ ನಿಲ್ಲುವುದಿಲ್ಲ. ಫ್ಯಾನ್ ಸದಾ ತಿರುಗುತ್ತಿರಬೇಕು, ಥರ್ಮೋಸ್ಟಾಟಿನ ಜೊತೆ ಆರಿ ಹತ್ತಬಾರದು.

ಥರ್ಮಾಕೋಲ್ 80 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗತೊಡಗುತ್ತದೆ, ಬಲ್ಬಿನ ಗಾಜು ಅದನ್ನು ಸುಲಭವಾಗಿ ಮೀರುತ್ತದೆ. ಮೊದಲ ಸುತ್ತಿನಲ್ಲಿ ಮುಚ್ಚಳದ ಒಳಮೈ ಬಲ್ಬಿನ ಮೇಲ್ಗಡೆ ಅಂಗೈಯಗಲ ಕುಳಿಬಿದ್ದಿತ್ತು. ಬೆಂಕಿಗೆ ಅಲ್ಲಿಂದ ಹೆಚ್ಚು ದೂರವಿಲ್ಲ. ಈಗ ಬಲ್ಬಿನ ಕೋಣೆಯ ಮೂರು ಗೋಡೆಗೂ ಮುಚ್ಚಳದ ಆ ಭಾಗಕ್ಕೂ ತಗಡು ಹೊದಿಸಿದೆ. ತಗಡನ್ನು ನೇರವಾಗಿ ಥರ್ಮಾಕೋಲಿಗೆ ಒತ್ತದೆ ನಡುವೆ 1 ಸೆಂ.ಮೀ. ಮರದ ಚೂರುಗಳನ್ನು ಕೊಟ್ಟು ಗಾಳಿಸಂದು ಬಿಡಲಾಗಿದೆ. ಬಲ್ಬಿನ ಗಾಜಿನಿಂದ ತಗಡಿಗೆ 4 ಸೆಂ.ಮೀ.ಗಿಂತ ಕಡಿಮೆ ಆಗಬಾರದು. ಹೋಲ್ಡರ್ ಬೇಕಲೈಟಿನದು, ಒಂದು ಮರದ ಪಟ್ಟಿಗೆ ಸ್ಕ್ರೂ ಹಾಕಿ ಕೂರಿಸಿದ್ದು. ಎರಡು ಗಂಟೆ ಉರಿಸಿದ ಮೇಲೆ ತಗಡಿನ ಹಿಂದಿನ ಥರ್ಮಾಕೋಲಿನ ಮೇಲೆ ಕೈಯಿಟ್ಟು ನೋಡಿ. ಕೈ ಎಳೆದುಕೊಳ್ಳುವಷ್ಟು ಬಿಸಿ ಇದ್ದರೆ ಸಂದು ಸಾಲದು.

ವೈರಿನ ವಿಷಯದಲ್ಲಿ ಎಲೆಕ್ಟ್ರಿಷಿಯನ್‌ಗಳೂ ಮರೆಯುವ ಒಂದು ಸಂಗತಿಯಿದೆ. ಬಳುಕುವ ಪಿವಿಸಿ ವೈರ್ ತಿಂಗಳುಗಟ್ಟಲೆ ಥರ್ಮಾಕೋಲಿಗೆ ತಾಗಿಕೊಂಡಿದ್ದರೆ ಅದನ್ನು ಮೆತ್ತಗಿಡಲು ಬೆರೆಸಿದ ರಾಸಾಯನಿಕ ಥರ್ಮಾಕೋಲಿಗೆ ಇಳಿದು ಅದನ್ನು ತಿನ್ನುತ್ತದೆ, ವೈರಿನ ಹೊದಿಕೆ ಗಡುಸಾಗಿ ಬಿರಿಯುತ್ತದೆ. ಗೋಡೆ ದಾಟುವ ಕಡೆಯಲ್ಲಿ ವೈರಿಂಗ್ ಪೈಪಿನ ಒಂದು ತುಂಡು ತೂರಿಸಿ ಅದರೊಳಗಿಂದ ವೈರ್ ಎಳೆದರೆ ಸಮಸ್ಯೆ ಮುಗಿಯಿತು.

ತಗಡು, ನೀರು, ಕರೆಂಟು ಮೂರೂ ಒಂದೇ ಪೆಟ್ಟಿಗೆಯಲ್ಲಿವೆ. ತಗಡಿಗೆ ಕಡ್ಡಾಯವಾಗಿ ಅರ್ಥ್ ವೈರ್ ಕೊಡಿ, ಮೂರು ಪಿನ್ನಿನ ಪ್ಲಗ್ಗೇ ಹಾಕಿ, ಪ್ಲಗ್ಗಿನ ಹಿಂದೆ, ಕರೆಂಟ್ ಸೋರಿದೊಡನೆ ತಾನೇ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಲಿ. ಮೊಟ್ಟೆ ಮಗುಚಲು ಕೈ ಹಾಕುವ ಮುನ್ನ ಸ್ವಿಚ್ ಆರಿಸಿ.

ಕೆಟ್ಟರೂ ತಣ್ಣನೆಯ ಕಡೆಗೇ ಕೆಡಲಿ

ಭ್ರೂಣ ಒಂದೆರಡು ಗಂಟೆ 30 ಡಿಗ್ರಿಗೆ ಇಳಿದರೆ ಬೆಳವಣಿಗೆ ನಿಧಾನವಾಗುತ್ತದೆ, ಮರಿ ತುಸು ತಡವಾಗುತ್ತದೆ. ಕಾವಿಗೆ ಕೂತ ಹೇಂಟೆಯೂ ಮೇಯಲು ಎದ್ದುಹೋಗುತ್ತದಲ್ಲ. ಅದೇ ಭ್ರೂಣ ಒಂದೆರಡು ಗಂಟೆ 41 ದಾಟಿದರೆ ಉಳಿಯುವುದು ಕಷ್ಟ. ಪೆಟ್ಟಿಗೆಯಲ್ಲಿ ಯಾವ ಭಾಗ ಕೈಕೊಟ್ಟರೂ ಬಲ್ಬ್ ಆರುವಂತಿರಬೇಕು, ಉರಿಯುತ್ತ ಉಳಿಯುವಂತಿರಬಾರದು. ಇಡೀ ವೈರಿಂಗ್ ಈ ಒಂದು ಮಾತಿನ ಮೇಲೆ ನಿಂತಿದೆ.

ಬಲ್ಬ್ ಉರಿಯುತ್ತಲೇ ಉಳಿಯುವುದು ಮುಖ್ಯವಾಗಿ ಎರಡು ಕಾರಣಕ್ಕೆ. ಒಂದು, ಬೋರ್ಡಿನಲ್ಲಿ ಬಲ್ಬನ್ನು ಹಚ್ಚಿ ಆರಿಸುವ ಸ್ವಿಚ್ಚಾದ ರಿಲೇಯ ತುದಿಗಳು ಬೆಸೆದುಕೊಳ್ಳುವುದು. ತಣ್ಣನೆಯ ಫಿಲಮೆಂಟ್ ಹತ್ತುವ ಕ್ಷಣದಲ್ಲಿ ಮಾಮೂಲಿಗಿಂತ ಹತ್ತು ಪಟ್ಟಿಗೂ ಹೆಚ್ಚು ಕರೆಂಟ್ ಎಳೆಯುತ್ತದೆ. 3 ನಿಮಿಷಕ್ಕೊಮ್ಮೆ ಹತ್ತಿ ಆರಿದರೆ 21 ದಿನಕ್ಕೆ 10,000 ಸಲ. ಅಗ್ಗದ ರಿಲೇ ಯಾವುದೋ ಒಂದು ಸಲ ಅಂಟಿಕೊಂಡು ಕೂರುತ್ತದೆ. ರಿಲೇ ಬದಲು ಚಲಿಸುವ ತುದಿಗಳಿಲ್ಲದ ಎಲೆಕ್ಟ್ರಾನಿಕ್ ಸ್ವಿಚ್ಚಾದ ಎಸ್‌ಎಸ್‌ಆರ್ ಹಾಕಿದರೆ ಸವೆತವಿಲ್ಲ ನಿಜ, ಆದರೆ ಅದು ಕೆಟ್ಟಾಗಲೂ ಸಾಮಾನ್ಯವಾಗಿ ಕೂಡಿಕೊಂಡ ಸ್ಥಿತಿಯಲ್ಲೇ ಉಳಿಯುತ್ತದೆ. ಎರಡನೆಯದು, ಮೊಟ್ಟೆ ಮಗುಚುವಾಗ ಸೆನ್ಸರ್ ಜಾರಿ ಮುಚ್ಚಳದ ಹೊರಗೆ ಬೀಳುವುದು. ಅದು ಹೊರಗಿನ 20 ಡಿಗ್ರಿಯನ್ನೇ ನೋಡುತ್ತ ಬಲ್ಬನ್ನು ಆರಿಸುವುದೇ ಇಲ್ಲ. ಈ ಎರಡಕ್ಕೂ ಬೋರ್ಡಿನೊಳಗೆ ಮದ್ದಿಲ್ಲ.

ಮದ್ದು ಎಂದರೆ ಬೇರೆ ಸೆನ್ಸರ್, ಬೇರೆ ರಿಲೇ ಇರುವ ಎರಡನೇ ಕಾವಲುಗಾರ. ಈ ಪೆಟ್ಟಿಗೆಯಲ್ಲಿ 230 ವೋಲ್ಟಿನ ಎಸ್‌ಟಿಸಿ-1000 ಥರ್ಮೋಸ್ಟಾಟಿನ ಬಿಸಿ ಮಾಡುವ ತುದಿಯನ್ನು ಸರಣಿಯಲ್ಲಿ ಸೇರಿಸಿದೆ. ಫೇಸ್ ವೈರ್ ಸ್ವಿಚ್ಚಿನಿಂದ 1 ಆಂಪಿಯರಿನ ಫ್ಯೂಸಿಗೆ, ಅಲ್ಲಿಂದ ಬಲ್ಬಿನ ಕೋಣೆಯ ತಲೆಯಲ್ಲಿ ತಗಡಿಗೆ ಒತ್ತಿ ಕೂರಿಸಿದ, ಬಿಸಿ ಮಿತಿಮೀರಿದರೆ ಕಡಿದುಹೋಗುವ ಥರ್ಮಲ್ ಫ್ಯೂಸಿಗೆ, ಅಲ್ಲಿಂದ ಎಸ್‌ಟಿಸಿಗೆ, ಅಲ್ಲಿಂದ ಡಬ್ಲ್ಯು1209ರ ರಿಲೇಗೆ, ಕೊನೆಗೆ ಬಲ್ಬುಗಳಿಗೆ. ನ್ಯೂಟ್ರಲ್ ನೇರ ಬಲ್ಬುಗಳಿಗೆ. ಆರಿಸುವುದೆಲ್ಲ ಫೇಸಿನಲ್ಲೇ ಆಗಬೇಕು. ನ್ಯೂಟ್ರಲ್ ಕಡಿದರೆ ಬಲ್ಬ್ ಆರಿರುತ್ತದೆ, ಹೋಲ್ಡರಿನಲ್ಲಿ ಮಾತ್ರ ಕರೆಂಟ್ ಕಾದಿರುತ್ತದೆ.

ಎಸ್‌ಟಿಸಿಯನ್ನು 39.0ಕ್ಕೆ, ಅಂತರ 1.0ಕ್ಕೆ ಕೂರಿಸಿ. ಅದರ ಸೆನ್ಸರ್ ಮೇಲಿನ ಸಂದಿನಿಂದ ಬರುವ ಗಾಳಿ ಮೊದಲು ಮುಟ್ಟುವ ಮೊಟ್ಟೆಗಳ ಮೇಲಿರಲಿ. ಮಾಮೂಲಿ ದಿನಗಳಲ್ಲಿ ಅದು ಮಧ್ಯ ಪ್ರವೇಶಿಸುವುದಿಲ್ಲ. ಮೊದಲನೆಯದು ಕೈಕೊಟ್ಟರೆ 39ಕ್ಕೆ ಕಡಿದು 38ಕ್ಕೆ ಮತ್ತೆ ಕೊಡುತ್ತದೆ. ಪೆಟ್ಟಿಗೆ ತುಸು ಹೆಚ್ಚೇ ಬಿಸಿಯಾಗಿ ನಡೆಯುತ್ತದೆ, ಮೊಟ್ಟೆಗಳು ಉಳಿಯುತ್ತವೆ. ಕೆಎಸ್‌ಡಿ301 ಎಂಬ ನಾಣ್ಯದಷ್ಟು ಅಗಲದ ಸ್ವಿಚ್ ಅಗ್ಗಕ್ಕೆ ಸಿಗುತ್ತದೆ, 45 ಡಿಗ್ರಿಗೆ ಕಡಿಯುವಂಥದ್ದೂ ಇದೆ. ಅದು ಐದು ಡಿಗ್ರಿ ಹಿಂದೆಮುಂದೆ ಆಗಬಲ್ಲದು. ಬೆಂಕಿ ತಡೆಯಲು ಅದು ಸರಿ, ಮೊಟ್ಟೆ ಉಳಿಸಲು ಅಲ್ಲ.

ಡಬ್ಲ್ಯು1209 ಮತ್ತು ಫ್ಯಾನ್ ಎರಡಕ್ಕೂ ಒಂದೇ 12 ವೋಲ್ಟಿನ ಅಡಾಪ್ಟರ್ ಕೊಟ್ಟಿರುವುದು ಬೇಕೆಂದೇ. ಅಡಾಪ್ಟರ್ ಸತ್ತರೆ ಫ್ಯಾನ್ ನಿಲ್ಲುತ್ತದೆ, ಜೊತೆಗೇ ರಿಲೇ ಬಿಟ್ಟು ಬಲ್ಬೂ ಆರುತ್ತದೆ.

ಬೋರ್ಡಿನ ಒಳಗಿನ ಅಂಕಿಗಳು

ಸೆಟ್ ಗುಂಡಿಯನ್ನು 5 ಸೆಕೆಂಡ್ ಒತ್ತಿ ಹಿಡಿದರೆ ಪಿ0 ಬರುತ್ತದೆ. ಅದರಲ್ಲಿ ಸಿ ಎಂದಿದ್ದರೆ ತಣಿಸುವ ಕ್ರಮ, ಎಚ್ ಎಂದರೆ ಬಿಸಿ ಮಾಡುವ ಕ್ರಮ. ಬೋರ್ಡ್ ಬರುವುದು ಸಿ ಆಗಿ. ಹಾಗೇ ಬಿಟ್ಟರೆ ಪೆಟ್ಟಿಗೆ ಬಿಸಿಯಾದಷ್ಟೂ ಬಲ್ಬ್ ಉರಿಯುತ್ತದೆ. ಪಿ1 ಅನ್ನು 0.4 ಮಾಡಿ. ಬೋರ್ಡಿನ ಅಂಕಿ 37.7, ಬಲ್ಬ್ 37.7ಕ್ಕೆ ಆರಿ 37.3ಕ್ಕೆ ಹತ್ತುತ್ತದೆ, ಸರಾಸರಿ 37.5ರಲ್ಲಿ ನಿಲ್ಲುತ್ತದೆ. ಪಿ1 ಅನ್ನು 0.1ಕ್ಕೆ ಇಳಿಸಿದರೆ ಇನ್ನೂ ನಯವಾಗುತ್ತದೆ ಎಂದುಕೊಳ್ಳಬೇಡಿ. ಮೊಟ್ಟೆಗೆ ಅದರಿಂದ ಏನೂ ಸಿಗುವುದಿಲ್ಲ, ರಿಲೇ ಮತ್ತು ಫಿಲಮೆಂಟ್ ಬೇಗ ಸವೆಯುತ್ತವೆ.

ಪಿ4 ಸೆನ್ಸರಿನ ತಪ್ಪು ತಿದ್ದುವ ಜಾಗ. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಅತಿ ಒಳ್ಳೆಯ ಸಾಧನ, ಯಾಕೆಂದರೆ ನಮಗೆ ಬೇಕಾದ 37-38ರಲ್ಲೇ ಅದು ಅತ್ಯಂತ ನಿಖರ. ಫ್ಲಾಸ್ಕಿನಲ್ಲಿ 38 ಡಿಗ್ರಿಯ ಆಸುಪಾಸಿನ ನೀರು ಹಾಕಿ, ಸೆನ್ಸರ್ ಮತ್ತು ಥರ್ಮಾಮೀಟರನ್ನು ಜೊತೆಯಾಗಿ ಅದ್ದಿ, ಕಲಕುತ್ತ ಎರಡು ನಿಮಿಷ ಹಿಡಿಯಿರಿ. ಬೋರ್ಡ್ 38.6, ಥರ್ಮಾಮೀಟರ್ 38.0 ತೋರಿಸಿದರೆ ಪಿ4ಕ್ಕೆ ಮೈನಸ್ 0.6. ಜ್ವರದ ಥರ್ಮಾಮೀಟರ್ ಕಂಡ ಗರಿಷ್ಠವನ್ನೇ ಹಿಡಿದುಕೊಂಡಿರುತ್ತದೆ, ಪ್ರತಿ ಸಲವೂ ಕೊಡವಿ ಅಥವಾ ಆರಿಸಿ ಹೊಸದಾಗಿ ನೋಡಬೇಕು. ನೀರು ತೀರಾ ಬಿಸಿಯಿದ್ದರೆ ಅದು ಹಾಳಾಗುತ್ತದೆ.

ಡಬ್ಲ್ಯು1209ರ ಸೆನ್ಸರ್ ಈಗ ಪೆಟ್ಟಿಗೆಯ ನಡುವೆ, ಮೊಟ್ಟೆಯದೇ ಎತ್ತರದಲ್ಲಿ, ಮೊಟ್ಟೆಗಳನ್ನಿಡುವ ಅಡಿಯ ಜಾಲರಿಗೆ ಎರಡು ಕಡೆ ಟ್ಯಾಗ್ ಹಾಕಿ ಬಿಗಿದಿದೆ. ಬಲ್ಬಿನ ಬೆಳಕು ಅದರ ಮೇಲೆ ನೇರ ಬೀಳುವುದಿಲ್ಲ.

ಮೊಟ್ಟೆ ಇಡುವ ಮೊದಲಿನ ಎರಡು ದಿನ

ಜಾಲರಿಯ ಕೆಳಗೆ ಒಂದೊಂದು ಲೀಟರಿನ ನಾಲ್ಕು ನೀರಿನ ಬಾಟಲಿಗಳನ್ನು ಮಲಗಿಸಿ, ಮುಚ್ಚಳ ಮುಚ್ಚಿ 48 ಗಂಟೆ ಬಿಟ್ಟಿದ್ದಾಯಿತು. ನಾಲ್ಕು ಮೂಲೆ ಮತ್ತು ನಡುವಿನಲ್ಲಿ ನೀರು ತುಂಬಿದ ಸಣ್ಣ ಔಷಧಿ ಬಾಟಲಿಗಳನ್ನು ಮೊಟ್ಟೆಯ ಜಾಗದಲ್ಲಿಟ್ಟು, ಬೆಳಗಿನ ಜಾವ ಒಮ್ಮೆ, ಮಧ್ಯಾಹ್ನ ಒಮ್ಮೆ ಆ ನೀರಿನ ಬಿಸಿ ನೋಡಬೇಕು. ಐದೂ ಕಡೆಯ ವ್ಯತ್ಯಾಸ ಅರ್ಧ ಡಿಗ್ರಿಯೊಳಗಿದ್ದರೆ ಸರಿ. ಮೊದಲ ನೋಟಕ್ಕೆ ಸಂದಿನ ಎದುರಿನ ಮೂಲೆ 0.9 ಹೆಚ್ಚಿತ್ತು. ಸಂದಿನ ಬಾಯಿಗೆ ಎರಡು ಬೆರಳಗಲದ ತಗಡಿನ ಪಟ್ಟಿ ಬಗ್ಗಿಸಿ ಗಾಳಿಯನ್ನು ಮುಚ್ಚಳದ ಕಡೆ ತಿರುಗಿಸಿದ ಮೇಲೆ 0.4ಕ್ಕೆ ಬಂತು.

ಆಮೇಲೆ ಬೇಕಂತಲೇ ಕೆಡಿಸಿ ನೋಡುವ ಕೆಲಸ. ಡಬ್ಲ್ಯು1209ರ ಸೆನ್ಸರನ್ನು ಪೆಟ್ಟಿಗೆಯಿಂದ ಹೊರಗೆಳೆದು ಬಿಡಿ: 39ಕ್ಕೆ ಎಸ್‌ಟಿಸಿ ಕಡಿಯಬೇಕು. ಅಡಾಪ್ಟರ್ ಕಿತ್ತುನೋಡಿ: ಬಲ್ಬ್ ಆರಬೇಕು. ಒಂದು ಬಲ್ಬ್ ಬಿಚ್ಚಿ ರಾತ್ರಿ ಕಳೆಯಿರಿ: ಬೆಳಗ್ಗೆ 36ಕ್ಕಿಂತ ಕೆಳಗಿರಬಾರದು. ಈ ಮೂರರಲ್ಲಿ ಒಂದು ತಪ್ಪಿದರೂ ಮೊಟ್ಟೆ ಇಡುವ ಅವಸರ ಬೇಡ.

ಗಾಳಿತೂತು ಅಡಿಯಲ್ಲಿ ನಾಲ್ಕು, ಮೇಲೆ ನಾಲ್ಕು, ಒಂದೊಂದೂ ಕಿರುಬೆರಳು ಹೋಗುವಷ್ಟು. ಚಳಿಗೆ ಬಿಸಿ ನಿಲ್ಲುತ್ತಿಲ್ಲವೆಂದು ಇವನ್ನು ಮುಚ್ಚಬಾರದು. ತೇವಾಂಶ ಮೊದಲ 18 ದಿನ 50-55 ಶೇಕಡಾ, ಕೊನೆಯ ಮೂರು ದಿನ 65-75. ಮಲೆನಾಡಿನಲ್ಲಿ ಗಾಳಿಯೇ ಒದ್ದೆ, ನೀರೇಕೆ ಎನ್ನುವವರಿಗೆ ಒಂದು ಲೆಕ್ಕ: ಮಳೆಗಾಲದ 22 ಡಿಗ್ರಿಯ, 90 ಶೇಕಡಾ ತೇವದ ಗಾಳಿಯನ್ನೇ 37.5ಕ್ಕೆ ಕಾಯಿಸಿದರೆ ಅದು 37 ಶೇಕಡಾ ಆಗುತ್ತದೆ. ಡಿಸೆಂಬರಿನ ಗಾಳಿ ಇನ್ನೂ ಒಣಗುತ್ತದೆ. ಮೊದಲ ಸುತ್ತಿನಲ್ಲಿ ಚಿಪ್ಪಿನೊಳಗೆ ಸತ್ತ ಎಂಟರಲ್ಲಿ ಕಾವಿನ ಏರುಪೇರಿನ ಜೊತೆ ಈ ಒಣಗಾಳಿಯ ಪಾಲೂ ಇದ್ದೀತು. ತಟ್ಟೆಗೆ ನೀರು ಸೇರಿಸುವಾಗ ಉಗುರುಬೆಚ್ಚಗಿರಲಿ, ಹನಿ ಬಲ್ಬಿಗೆ ಸಿಡಿದರೆ ಗಾಜು ಒಡೆಯುತ್ತದೆ.

ಎರಡನೇ ಸುತ್ತು, ಕರೆಂಟ್ ಹೋದ ರಾತ್ರಿ

ಮತ್ತೆ 30 ಮೊಟ್ಟೆ. ದಿನಕ್ಕೆ ಮೂರು ಸಲ ಮಗುಚುವುದು, 18ನೇ ದಿನಕ್ಕೆ ನಿಲ್ಲಿಸುವುದು. ಮುಚ್ಚಳ ತೆಗೆದಾಗ ಬೋರ್ಡ್ 33 ತೋರಿಸಿ ಗಾಬರಿ ಹುಟ್ಟಿಸುತ್ತದೆ. ಅದು ಗಾಳಿ ಮಾತ್ರ. ಮುಚ್ಚಿದ ಐದು ನಿಮಿಷದಲ್ಲಿ ಮೇಲೇಳುತ್ತದೆ. ಆ ಹೊತ್ತಿಗೆ ಅಂಕಿ ತಿರುಗಿಸುವ ಕೈಯನ್ನು ಕಟ್ಟಿಹಾಕಬೇಕು.

9ನೇ ದಿನ ರಾತ್ರಿ ಕರೆಂಟ್ ಎರಡು ಗಂಟೆ ಇರಲಿಲ್ಲ. ನಾಲ್ಕು ಲೀಟರ್ ನೀರು ಬೆಲೆ ತೋರಿಸಿದ್ದು ಆಗ. 30 ನಾಟಿ ಮೊಟ್ಟೆ ಒಟ್ಟು 1.2 ಕಿಲೋ, ಅಷ್ಟೇ ಇದ್ದಿದ್ದರೆ ಹೊರಗೆ 15 ಡಿಗ್ರಿ ಇರುವಾಗ ಲೆಕ್ಕದ ಪ್ರಕಾರ ಎರಡು ಗಂಟೆಗೆ ಪೆಟ್ಟಿಗೆ 20ಕ್ಕೆ ಇಳಿಯುತ್ತಿತ್ತು. ಬಾಟಲಿಗಳಿದ್ದರೆ 32. ಕಂಬಳಿ ಹೊದಿಸಿದರೆ ಇನ್ನೂ ಮೇಲೆ, ಆದರೆ ಕರೆಂಟ್ ಬಂದೊಡನೆ ಕಂಬಳಿ ತೆಗೆಯಬೇಕು. ಅದು ತೂತುಗಳನ್ನೂ ಮುಚ್ಚಿರುತ್ತದೆ.

ಇನ್ನೂ ಹೊತ್ತಾಗುವ ಹಾಗಿದ್ದರೆ ಬಚ್ಚಲ ಹಂಡೆಯಲ್ಲಿ ನೀರು ಬಿಸಿಯಿದ್ದೇ ಇರುತ್ತದೆ. 60 ಡಿಗ್ರಿಯ ಒಂದು ಲೀಟರ್ ನೀರು 37ಕ್ಕೆ ಇಳಿಯುವಷ್ಟರಲ್ಲಿ ಈ ಪೆಟ್ಟಿಗೆಗೆ ಒಂದು ಗಂಟೆಗೂ ತುಸು ಹೆಚ್ಚಿನ ಕಾವು ಕೊಡುತ್ತದೆ. ಬಾಟಲಿಗೆ ಬಟ್ಟೆ ಸುತ್ತಿ ಬಲ್ಬಿನ ಕೋಣೆಯಲ್ಲಿ ನಿಲ್ಲಿಸಿ, ಮೊಟ್ಟೆಗೆ ತಾಗಬಾರದು, ಸ್ವಿಚ್ ಆರಿಸಿರಬೇಕು. ಕುದಿನೀರು ಹಾಕಿದರೆ ಪ್ಲಾಸ್ಟಿಕ್ ಬಾಟಲಿ ಮುದುಡುತ್ತದೆ, ಸ್ಟೀಲಿನದು ಒಳ್ಳೆಯದು. ಕೆಂಡದ ಅಗ್ಗಿಷ್ಟಿಕೆಯನ್ನೋ ಚಿಮಣಿ ದೀಪವನ್ನೋ ಒಳಗಿಡುವ ಯೋಚನೆ ಬೇಡವೇ ಬೇಡ: ಮುಚ್ಚಿದ ಪೆಟ್ಟಿಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ, ಥರ್ಮಾಕೋಲ್ ಬೆಂಕಿ ಹಿಡಿಯುತ್ತದೆ. ಮನೆಯಲ್ಲಿ ಯುಪಿಎಸ್ ಇದ್ದರೆ ಅದಕ್ಕೇ ಜೋಡಿಸಿ, 50 ವ್ಯಾಟ್ ಅದಕ್ಕೆ ಹೊರೆಯಲ್ಲ.

17ನೇ ದಿನ ಮಧ್ಯಾಹ್ನ ಬೇರೆಯದೇ ಸಂಗತಿ ಕಂಡಿತು. ಬಲ್ಬ್ ಹತ್ತುವುದೇ ಅಪರೂಪವಾಯಿತು. ಇದು ದೋಷವಲ್ಲ. ಬೆಳೆದ ಭ್ರೂಣಗಳು ತಾವೇ ಬಿಸಿ ಹುಟ್ಟಿಸುತ್ತವೆ, ಕೊನೆಯ ದಿನಗಳಲ್ಲಿ ಒಂದೊಂದು ಮೊಟ್ಟೆ ಒಂದು ವ್ಯಾಟಿನ ಹತ್ತನೇ ಒಂದು ಪಾಲಿನಷ್ಟು. ಇಪ್ಪತ್ತೈದು ಮೊಟ್ಟೆ ಸೇರಿದರೆ ಹಗಲಿನ 10 ವ್ಯಾಟಿನಲ್ಲಿ ಕಾಲು ಭಾಗ ಅವುಗಳದ್ದೇ. ಡಿಸೆಂಬರಿನಲ್ಲಿ ಇದು ಉಳಿತಾಯ. ಏಪ್ರಿಲಿನಲ್ಲಿ, ಮನೆಯೊಳಗೇ 34 ಡಿಗ್ರಿ ಇದ್ದಾಗ, ಬಲ್ಬ್ ಪೂರ್ತಿ ಆರಿದ್ದರೂ ಪೆಟ್ಟಿಗೆ 38 ದಾಟಬಹುದು. ಥರ್ಮೋಸ್ಟಾಟಿಗೆ ಬಲ್ಬ್ ಆರಿಸಲು ಗೊತ್ತು, ತಣಿಸಲು ಗೊತ್ತಿಲ್ಲ. ಬೇಸಿಗೆಯ ಸುತ್ತಿಗೆ ಹೊರಗಿನ ಎರಡನೇ ಪದರ ಮುಚ್ಚಳದಿಂದ ತೆಗೆಯುವಂತಿರಲಿ, ಮೇಲಿನ ತೂತುಗಳನ್ನು ದೊಡ್ಡದು ಮಾಡುವಂತಿರಲಿ. ಶೀಟಿನ ಮಾಡಿನ ಕೊಟ್ಟಿಗೆಯಲ್ಲಿ ಪೆಟ್ಟಿಗೆ ಇಡಬೇಡಿ. ನಡುಮನೆಯ ತಂಪು ಮೂಲೆಯಲ್ಲಿ ಬರೀ ನೆಲದ ಮೇಲಿರಲಿ; ಹತ್ತಿರ ಹುಲ್ಲು, ಅಡಿಕೆ ಸಿಪ್ಪೆ ಇರಬಾರದು.

ಫಲ: 30ರಲ್ಲಿ 4 ಫಲವಾಗದವು, 1 ಮೊದಲ ವಾರದಲ್ಲಿ ಸತ್ತದ್ದು. ಉಳಿದ 25ರಲ್ಲಿ 21 ಮರಿ ಬಂದವು, ಎಲ್ಲವೂ 20ನೇ ದಿನದ ರಾತ್ರಿಯಿಂದ 21ನೇ ದಿನದ ರಾತ್ರಿಯೊಳಗೆ. ಸಂಖ್ಯೆಗಿಂತ ಆ 24 ಗಂಟೆಯ ಅಂತರವೇ ಮುಖ್ಯ. ಮೊದಲ ಸುತ್ತಿನಲ್ಲಿ ಅದು ನಾಲ್ಕು ದಿನಕ್ಕೆ ಎಳೆದಿತ್ತು.

ಮರಿಗಳು ಒಣಗಿ ಪುಕ್ಕ ಬಿಚ್ಚಿದ ಮೇಲೆ ಅವಕ್ಕೆ ಮೊದಲ ವಾರ ಬೇಕಾಗುವುದು 35 ಡಿಗ್ರಿಯ ಆಸುಪಾಸಿನ ಜಾಗ. ಪೆಟ್ಟಿಗೆಯ ಬಲ್ಬುಗಳನ್ನೇ ಅಲ್ಲಿಗೆ ಎತ್ತಿಕೊಂಡು ಹೋಗುವುದು ರೂಢಿ, ಹೋಗಲಿ. ಆದರೆ 10,000 ಸಲ ಹತ್ತಿ ಆರಿದ ಆ ಫಿಲಮೆಂಟನ್ನು ಮುಂದಿನ ಸುತ್ತಿಗೆ ವಾಪಸು ತರಬೇಡಿ. ಮುಂದಿನ 30 ಮೊಟ್ಟೆಗೆ ಹೊಸ ಬಲ್ಬ್ ಎರಡು, ಮೂರು ಸುತ್ತಿಗೊಮ್ಮೆ ಹೊಸ ಡಬ್ಲ್ಯು1209 ಬೋರ್ಡ್ ಒಂದು. ಹೊಸ ಬೋರ್ಡ್ ಹಾಕಿದಾಗ ಅದು ಮತ್ತೆ ಸಿ ಮತ್ತು 2.0 ಆಗಿಯೇ ಬಂದಿರುತ್ತದೆ.